ಆ ನೂರ ಅರವತ್ತಮೂರು ಹಳೇ ಪೇಪರು

ವಿದೇಶಿ ಸಹಯೋಗ ವಿಭಾಗದ ನಿರ್ದೇಶಕರಾದ ಮಾನ್ಯರೇ,

ನಮ್ಮ ವಿಶ್ವವಿದ್ಯಾಲಯದ ಒಣಗಿಡಗಳ ಸಂಗ್ರಹಾಲಯದ ಹದಿನಾಲ್ಕನೇ ಬೀರುವಿನಿಂದ ತಾವು ನೂರ ಅರವತ್ತಮೂರು ಹಳೆಯ ದಿನಪತ್ರಿಕೆಗಳನ್ನು ವಶಪಡಿಸಿಕೊಂಡಿದ್ದೀರಿ. ಈ ತಿಂಗಳ ಕೊನೆಯ ಶನಿವಾರ ಅವನ್ನು ಕಾಗದ ಅರೆಯುವ ಯಂತ್ರಕ್ಕೆ ಹಾಕುವುದಾಗಿ ತಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಿದ್ದೀರಿ. ಅವು ನನಗೆ ವಾಪಸು ಬೇಕು. ಹರಿದದ್ದೂ ಬೇಕು, ಕಲೆಯಾದದ್ದೂ ಬೇಕು. ಕಲೆಯಾದದ್ದು ಮೊದಲು ಬೇಕು. ಕೆಲಸದ ಒತ್ತಡವಿದ್ದರೆ ತಾವು ಇಲ್ಲಿಗೇ ಓದು ನಿಲ್ಲಿಸಿ ಗೋದಾಮಿನ ಬೀಗ ತೆಗೆಸಬಹುದು. ನಿಲ್ಲಿಸಲಾರಿರಿ ಎಂದು ನನಗೆ ಗೊತ್ತು. ಪರರ ಕಾಗದಪತ್ರಗಳನ್ನು ಓದುವುದರಲ್ಲಿ ತಮ್ಮ ಕಚೇರಿಗಿರುವ ಆಸಕ್ತಿಯನ್ನು ನಾನು ಇತ್ತೀಚೆಗೆ ಹತ್ತಿರದಿಂದ ನೋಡಿದ್ದೇನೆ.

ಇದನ್ನು ತಮಗೇ ಖಾಸಗಿಯಾಗಿ ಬರೆಯಬಹುದಿತ್ತಲ್ಲ ಎಂದು ಕೇಳುತ್ತೀರಿ. ಬರೆದಿದ್ದೇನೆ, ನಾಲ್ಕು ಸಲ. ನಾಲ್ಕು ಸಲವೂ ಒಂದೇ ಉತ್ತರ ಬಂತು: ‘ಸೂಕ್ತ ಮಾರ್ಗದ ಮೂಲಕ ಸಲ್ಲಿಸತಕ್ಕದ್ದು.’ ಸೂಕ್ತ ಮಾರ್ಗವೆಂದರೆ ನಮ್ಮ ವಿಭಾಗದ ಮುಖ್ಯಸ್ಥರು. ಆ ಹುದ್ದೆ ಖಾಲಿಯಾಗಿ ಎರಡು ವರ್ಷವಾಯಿತು, ಅದನ್ನು ತುಂಬದೇ ಇರುವವರು ತಾವು ಕೂರುವ ಕಟ್ಟಡದ ಮೇಲಿನ ಮಹಡಿಯವರು. ಅಂದರೆ ನನ್ನ ಅರ್ಜಿ ಒಂದು ಖಾಲಿ ಕುರ್ಚಿಯ ಸಹಿ ಹಾಕಿಸಿಕೊಂಡು ತಮ್ಮಲ್ಲಿಗೆ ಬರಬೇಕು. ಕುರ್ಚಿಗೆ ಬರೆಯಲು ಬರುತ್ತದೆಯೇ ಎಂದು ನಾನು ಹೋಗಿ ಪರೀಕ್ಷಿಸಿ ನೋಡಿದೆ. ಬರುವುದಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ.

ನಾನು ಯಾರೆಂದು ತಮಗೆ ನೆನಪಿಲ್ಲದಿರಬಹುದು. ಇಪ್ಪತ್ತೇಳು ವರ್ಷಗಳಿಂದ ಆ ಸಂಗ್ರಹಾಲಯದಲ್ಲಿ ಸಹಾಯಕಿ. ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಚೀಟಿ ಹಚ್ಚಿ, ಬೀರುವಿನಲ್ಲಿಡುವವಳು. ಹುಳ ಬಿತ್ತೇ, ತೇವ ತಾಗಿತೇ, ಕಿಟಕಿ ಸರಿಯಾಗಿ ಮುಚ್ಚಿದೆಯೇ ಎಂದು ದಿನಕ್ಕೆ ಮೂರು ಬಾರಿ ಅನುಮಾನಪಡುವುದೇ ನನ್ನ ವೃತ್ತಿ. ಮನೆಯಲ್ಲೂ ಅದೇ ಬುದ್ಧಿ. ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಎಳೆದು ನೋಡುತ್ತೇನೆ. ಶಾಲೆಯ ಬಸ್ಸು ಓಡಿಸುವ ನಮ್ಮ ಮನೆಯವರು ದಿನಾ ಬೆಳಿಗ್ಗೆ ಕೆಳಗೆ ನಿಂತು ಕೂಗುತ್ತಾರೆ: “ಏನೇ, ನಿನಗೆ ನಿವೃತ್ತಿ ಆದಮೇಲೆ ನಿನ್ನ ಅನುಮಾನಕ್ಕೂ ಆಗುತ್ತೋ, ಇಲ್ಲಾ ಅದಕ್ಕೆ ಸೇವಾವಧಿ ವಿಸ್ತರಣೆ ಇದೆಯೋ?” ತಮ್ಮ ವಿಭಾಗದ ಬಗ್ಗೆ ನಾನು ಅನುಮಾನಪಟ್ಟರೆ ಅದನ್ನು ತಾವು ವೈಯಕ್ತಿಕವಾಗಿ ತೆಗೆದುಕೊಳ್ಳಬಾರದು. ನಾನು ಕಿಟಕಿಯನ್ನೂ ನಂಬುವುದಿಲ್ಲ.

ಈಗ ಪೇಪರಿನ ವಿಷಯ. ಕಾಡಿನಲ್ಲೋ ಗುಡ್ಡದಲ್ಲೋ ಗಿಡ ಕಿತ್ತವರು ಅದನ್ನು ಅಲ್ಲೇ ಮಡಿಸಿದ ಹಳೇ ದಿನಪತ್ರಿಕೆಯೊಳಗೆ ಹರಡಿ, ಎರಡು ಹಲಗೆಗಳ ನಡುವೆ ಬಿಗಿದು ಒಣಗಿಸುತ್ತಾರೆ. ಪತ್ರಿಕೆಯ ಕಾಗದ ನೀರು ಹೀರುತ್ತದೆ, ಎಲ್ಲೆಡೆ ಸಿಗುತ್ತದೆ, ಯಾರಿಗೂ ಬೇಡವಾಗಿರುತ್ತದೆ. ಒಂದು ಗಿಡಕ್ಕೆ ಒಂದು ಪತ್ರಿಕೆ. ಆ ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಂಖ್ಯೆ. ಅದೇ ಸಂಖ್ಯೆಯ ಕೆಳಗೆ ಕಿತ್ತವರ ಟಿಪ್ಪಣಿ ಪುಸ್ತಕದಲ್ಲಿ ಎಲ್ಲ ವಿವರ: ಯಾವ ಜಾಗ, ಯಾವ ದಿನ, ಹೂವಿನ ಬಣ್ಣವೇನು, ಬಂಡೆಯ ಮೇಲಿತ್ತೋ ನೀರಿನಂಚಿನಲ್ಲಿತ್ತೋ. ಗಿಡವನ್ನು ದಪ್ಪ ಹಾಳೆಗೆ ಅಂಟಿಸುವ ದಿನದವರೆಗೂ ಅದಕ್ಕಿರುವ ಗುರುತು ಆ ಪೆನ್ಸಿಲ್ ಸಂಖ್ಯೆಯೊಂದೇ. ಗಿಡದ ಮೇಲೆ ಬರೆಯಲು ಬರುವುದಿಲ್ಲವಷ್ಟೆ. ಪೇಪರು ಹೋಯಿತೆಂದರೆ ಗಿಡ ಹುಲ್ಲಿಗೆ ಸಮ.

ಗಡಿಯ ಬೆಟ್ಟಸಾಲಿನ ಆಚೆ ನೆರೆದೇಶದ ವಿಶ್ವವಿದ್ಯಾಲಯವಿದೆ. ಅಲ್ಲಿ ನನ್ನಂತೆಯೇ ಕೆಳಗಿನ ದರ್ಜೆಯ ಒಬ್ಬ ನೌಕರರಿದ್ದರು, ಗಿಡ ಸಂಗ್ರಾಹಕರು. ಅವರ ಪೆನ್ಸಿಲ್ ಸದಾ ಮೊಂಡಾಗಿರುತ್ತಿದ್ದುದರಿಂದ ನಾನು ಅವರನ್ನು ಮೊಂಡು ಪೆನ್ಸಿಲಿನವರು ಎಂದೇ ಕರೆಯುತ್ತಿದ್ದೆ. ಅವರು ಪ್ರತಿ ಗಿಡವನ್ನೂ ಎರಡು ಪ್ರತಿ ಕೀಳುತ್ತಿದ್ದರು. ಒಂದು ಅವರ ಬೀರುವಿಗೆ, ಇನ್ನೊಂದು ನಮಗೆ. ನಾವೂ ಹಾಗೆಯೇ ಕಳಿಸುತ್ತಿದ್ದೆವು. ಬೆಟ್ಟ ಒಂದೇ ಆದಮೇಲೆ ಗಿಡಗಳ ಲೆಕ್ಕ ಅರ್ಧರ್ಧ ಇದ್ದರೆ ಯಾರಿಗೂ ಉಪಯೋಗವಿಲ್ಲ ಎಂದು ನಮ್ಮ ಹಳೆಯ ಮುಖ್ಯಸ್ಥರು, ನನ್ನ ಮೇಷ್ಟ್ರು, ಅಂಚೆಯಲ್ಲಿ ಶುರುಮಾಡಿದ ವ್ಯವಹಾರ ಅದು. ಕಂದು ಹೊದಿಕೆ, ಸೆಣಬಿನ ದಾರ, ಮೇಲೊಂದು ಚೀಟಿ. ಎರಡೂ ಕಡೆಯ ಮಾತು ಒಂದೇ, ಲಿಪಿ ಬೇರೆ. ಆದ್ದರಿಂದ ಚೀಟಿಗಳನ್ನು ಓದಲು ಅವರು ನಮ್ಮ ಅಕ್ಷರ ಕಲಿತರು, ನಾನು ಅವರ ಅಕ್ಷರ ಕಲಿತೆ. ‘ತಂಗೀ, ಅಂಟು ಜಾಸ್ತಿ ಹಾಕ್ತೀಯ, ಎಲೆ ಉಸಿರುಗಟ್ಟಿದ ಹಾಗೆ ಕಾಣುತ್ತೆ’ ಎಂದು ಅವರು ಬರೆದದ್ದು ನನ್ನ ಮೇಜಿನ ಗಾಜಿನ ಕೆಳಗೆ ಇನ್ನೂ ಇದೆ. ನಾವು ಒಮ್ಮೆಯೂ ಭೇಟಿಯಾಗಲಿಲ್ಲ. ಯಾವ ಒಪ್ಪಂದಕ್ಕೂ ಸಹಿ ಹಾಕಲಿಲ್ಲ. ಎರಡು ಸರ್ಕಾರಗಳು ಮುಖ ತಿರುಗಿಸಿಕೊಂಡು ಕೂತಿದ್ದ ಆರು ವರ್ಷಗಳಲ್ಲೂ ಗಿಡಗಳು ಹೋಗುತ್ತಿದ್ದವು, ಬರುತ್ತಿದ್ದವು.

ಹೋದ ತಿಂಗಳು ತಾವು ನಮಗೆ ಸಹಕಾರ ಕಲಿಸಲು ಬಂದಿರಿ. ಉಭಯ ವಿಶ್ವವಿದ್ಯಾಲಯಗಳ ಒಡಂಬಡಿಕೆಯ ಪ್ರತಿಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಬಹುಶಃ ಹಾಗೆ ಓದಿದವಳು ನಾನೊಬ್ಬಳೇ. ನಲವತ್ತೆರಡು ಪುಟ. ‘ಸಹಕಾರ’ ಎಂಬ ಪದ ಎಂಬತ್ತಾರು ಸಲ ಬರುತ್ತದೆ. ಒಂದು ಪದವನ್ನು ಅಷ್ಟು ಸಲ ಹೇಳಬೇಕಾಗಿ ಬಂದಿದೆಯೆಂದರೆ ಹೇಳುವವರಿಗೇ ಅದರ ಮೇಲೆ ಅನುಮಾನವಿರಬೇಕು ಅಲ್ಲವೇ? ‘ಗಿಡ’ ಎಂಬ ಪದ ಒಂದೇ ಸಲ ಬರುತ್ತದೆ, ಅದೂ ಅನುಬಂಧದಲ್ಲಿ: ‘ವೇದಿಕೆಯ ಎರಡೂ ಬದಿಯಲ್ಲಿ ಕುಂಡದ ಗಿಡಗಳನ್ನು ಇರಿಸತಕ್ಕದ್ದು.’ ಹದಿನೇಳನೇ ಕಲಮಿನ ಪ್ರಕಾರ ಇನ್ನು ಮುಂದೆ ಎರಡು ಸಂಸ್ಥೆಗಳ ನಡುವೆ ಹೋಗಿಬರುವ ಪ್ರತಿಯೊಂದು ವಸ್ತುವಿಗೂ ತಮ್ಮ ವಿಭಾಗದ ಪೂರ್ವಾನುಮತಿ ಬೇಕು. ಸಹಿಯಾದ ದಿನದಿಂದ ಇಂದಿನವರೆಗೆ ಒಂದು ಎಲೆಯೂ ಗಡಿ ದಾಟಿಲ್ಲ. ಜಗಳದ ಆರು ವರ್ಷಗಳಲ್ಲಿ ನಿಲ್ಲದ್ದು ಸ್ನೇಹದ ಒಂದೇ ತಿಂಗಳಲ್ಲಿ ನಿಂತುಹೋಯಿತು. ಇದನ್ನು ಸಾಧನೆ ಎನ್ನದೆ ಬೇರೆ ದಾರಿಯಿಲ್ಲ.

ಒಡಂಬಡಿಕೆಗೆ ಸಹಿ ಹಾಕಲು ಆಚೆ ದೇಶದಿಂದ ಬರುವ ಅತಿಥಿಗಳು ಹಾದುಹೋಗುವ ಕೊಠಡಿಗಳೆಲ್ಲ ‘ಕಣ್ಣಿಗೆ ಹಿತವಾಗಿರತಕ್ಕದ್ದು’ ಎಂದು ತಾವು ಸುತ್ತೋಲೆ ಹೊರಡಿಸಿದಾಗ ನಾನು ಮೂರು ದಿನ ರಜೆಯಲ್ಲಿದ್ದೆ. ಅಕ್ಕನ ಮಂಡಿಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಕೂತಿದ್ದೆ. ಹೊರಡುವ ಮೊದಲು ಬೀಗ ಎಳೆದು ನೋಡಿದ್ದೆ, ಬೀಗ ಸರಿಯಾಗಿಯೇ ಇತ್ತು. ಇನ್ನೊಂದು ಕೀಲಿಕೈ ತಮ್ಮ ಕಚೇರಿಯಲ್ಲಿರುತ್ತದೆ ಎಂಬುದು ಅನುಮಾನಕ್ಕೆ ಹೆಸರಾದ ನನಗೇ ಹೊಳೆದಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ನೇರ ಕೆಲಸಕ್ಕೆ ಬಂದೆ. ಅತಿಥಿಗಳು ಆಗಲೇ ಸಭಾಂಗಣದಲ್ಲಿದ್ದರು. ಸಂಗ್ರಹಾಲಯದ ಬಾಗಿಲಲ್ಲಿ ಸ್ವಚ್ಛತೆಯ ಮೇಲ್ವಿಚಾರಕಿ ಮುಖ ಅರಳಿಸಿಕೊಂಡು ನಿಂತಿದ್ದಳು. “ಅಕ್ಕಾ, ಹದಿನಾಲ್ಕನೇ ಬೀರು ಒಮ್ಮೆ ನೋಡಿ. ಆ ಹಳದಿ ಪೇಪರೆಲ್ಲ ತೆಗೆದು ಬಿಳೀ ಹಾಳೆಗೆ ಹಾಕಿದೀನಿ. ಎರಡು ದಿನ ಹಿಡೀತು. ನನ್ನ ಕೈಯಾರೆ ಮಾಡಿದ್ದು, ಬೇರೆ ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ. ಒಂದು ಎಲೆ ಉದುರಿಲ್ಲ, ಬೇಕಾದ್ರೆ ಎಣಿಸಿ.”

ಬೀರು ತೆಗೆದೆ. ನೂರ ಅರವತ್ತಮೂರು ಬಿಳೀ ಹಾಳೆಗಳು, ಒಂದರ ಮೇಲೊಂದು, ಅಂಚಿಗೆ ಅಂಚು ಸರಿಯಾಗಿ. ಒಂದರ ಮೇಲೂ ಒಂದು ಗೀಟಿಲ್ಲ. ಅವಳು ಹೇಳಿದ್ದು ನಿಜ, ಒಂದೆಲೆಯೂ ಉದುರಿರಲಿಲ್ಲ. ಅಷ್ಟು ನಾಜೂಕಾಗಿ ನಾನೂ ಮಾಡುತ್ತಿರಲಿಲ್ಲವೇನೋ. ಅವಳಿಗೆ ಬೈಯಲು ಬಾಯಿ ಬರಲಿಲ್ಲ. “ಪೇಪರೆಲ್ಲಿ?” ಎಂದೆ. “ಸಾಹೇಬ್ರ ಕಚೇರಿಯವರು ಬಂದು ಕಟ್ಟು ಕಟ್ಟಿಕೊಂಡು ಹೋದ್ರಲ್ಲ. ಆಚೆ ದೇಶದ ಪೇಪರಂತೆ. ಯಾಕೆ ಅಕ್ಕ, ಅದು ಬೇಕಿತ್ತಾ?” ಎಂದಳು. ಹೇಳಿದೆ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಈಗಲೂ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾಳೆ. ತಮಗೆ ಹಾಗೆ ದಾರಿ ಬದಲಿಸಬೇಕೆಂದು ಇದುವರೆಗೆ ಅನ್ನಿಸಿಲ್ಲ.

ಆ ನೂರ ಅರವತ್ತಮೂರು ಗಿಡಗಳು ಮೊಂಡು ಪೆನ್ಸಿಲಿನವರ ಕೊನೆಯ ಕಟ್ಟು. ಆಚೆ ದೇಶದ ಒಂದು ಕಣಿವೆಗೆ ಅಣೆಕಟ್ಟು ಕಟ್ಟಿ ನೀರು ತುಂಬಿಸುವ ಮೊದಲು, ಆ ಮುಳುಗುವ ಕಣಿವೆಯಲ್ಲೇ ಹುಟ್ಟಿ ಬೆಳೆದ ಅವರು, ಎರಡು ವರ್ಷ ತಿರುಗಿ ಕಿತ್ತು ಒಣಗಿಸಿದವು. ಕಟ್ಟು ನಮಗೆ ಬಂದು ಒಂದೂವರೆ ವರ್ಷವಾಯಿತು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಕಣಿವೆ ಈಗ ನೀರಿನಡಿಯಲ್ಲಿದೆ, ಅಲ್ಲಿಗೆ ಮತ್ತೆ ಹೋಗಿ ಕೀಳುವುದು ಯಾರಿಂದಲೂ ಸಾಧ್ಯವಿಲ್ಲ. ಹಾಗಿದ್ದರೆ ಒಂದೂವರೆ ವರ್ಷ ಏಕೆ ಅಂಟಿಸದೆ ಇಟ್ಟುಕೊಂಡಿದ್ದೆ ಎಂದು ತಾವು ಕೇಳಬಹುದು, ಕೇಳಲೇಬೇಕು. ಮುಖ್ಯಸ್ಥರು ಹೆಸರು ಗುರುತಿಸಿ ಸಹಿ ಹಾಕದೆ ಗಿಡವನ್ನು ಅಂಟಿಸಬಾರದೆಂಬ ನಿಯಮವಿದೆ, ಮುಖ್ಯಸ್ಥರ ಕುರ್ಚಿ ಖಾಲಿಯಿದೆ. ನಿಯಮ ಮುರಿದು ಅಂಟಿಸಿಬಿಡಬೇಕಿತ್ತು. ನಾನು ಕಾದೆ. ಆ ತಪ್ಪು ನನ್ನದು, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಮಧ್ಯಾಹ್ನ ತಾವು ಅತಿಥಿಗಳನ್ನು ಕರೆದುಕೊಂಡು ಬಂದಿರಿ. ಅವರ ನಡುವೆ ಒಬ್ಬಳು ಎಳೆಯ ಅಧ್ಯಾಪಕಿ ಇದ್ದಳು. ಎಲ್ಲರೂ ಗೋಡೆಯ ಫೋಟೋ ನೋಡುತ್ತಿದ್ದಾಗ ಅವಳು ನನ್ನ ಪಕ್ಕಕ್ಕೆ ಬಂದು, “ಅತ್ತೆ, ನಾನು ಗೊತ್ತಾಗಲಿಲ್ವಾ?” ಎಂದಳು. ಮೊಂಡು ಪೆನ್ಸಿಲಿನವರ ಮಗಳು! ಅಪ್ಪ ನನ್ನನ್ನು ತಂಗೀ ಎಂದು ಬರೆಯುತ್ತಿದ್ದರಲ್ಲ, ಮಗಳಿಗೆ ನಾನು ಅತ್ತೆ. ಇಪ್ಪತ್ತೇಳು ವರ್ಷದಲ್ಲಿ ಆ ಮನೆಯವರ ಮುಖ ನಾನು ನೋಡಿದ್ದು ಅದೇ ಮೊದಲು. “ಅಪ್ಪನ ಕೊನೇ ಕಟ್ಟು ನಿಮ್ಮ ಹತ್ರ ಇದೆಯಲ್ಲ, ಅದ್ರಲ್ಲಿ ನೂರ ಹದಿನೆಂಟು ತೋರಿಸ್ತೀರಾ? ನಮ್ಮ ಹಿತ್ತಲ ಗೋಡೆ ಸಂದಿಯಲ್ಲಿ ಬೆಳೀತಿದ್ದ ಸಣ್ಣ ಜರಿಗಿಡ. ಮನೆ ಖಾಲಿ ಮಾಡೋ ದಿನ ಕಿತ್ತಿದ್ರು. ಲಾರಿ ಹಾರ್ನ್ ಹೊಡೀತಾ ಇತ್ತು, ಅಮ್ಮ ಬೈತಾ ಇದ್ರು, ಇವರು ಪೇಪರ್ ಹರಡಿಕೊಂಡು ಕೂತಿದ್ರು. ಆ ಮನೇದು ಅಂತ ಉಳಿದಿರೋದು ಅದೊಂದೇ.”

“ನಿಮ್ಮ ಕಡೆಯ ಪ್ರತಿ?” ಎಂದು ಕೇಳಿದೆ. ಅವಳು ತಮ್ಮತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನಮ್ಮಲ್ಲಿ ಸಂಗ್ರಹಾಲಯದ ಕೊಠಡೀನ ಸಹಯೋಗದ ಅತಿಥಿಗಳಿಗೆ ಅಂತ ಮಾಡಿದ್ರು ಅತ್ತೆ. ಬೀರುಗಳನ್ನೆಲ್ಲ ಶೆಡ್ಡಿಗೆ ಹಾಕಿದ್ರು. ಛಾವಣಿ ಸೋರಿ ಬೂಷ್ಟು ಹಿಡೀತು. ನಿಮ್ಮಲ್ಲಿರೋದಷ್ಟೇ ಈಗ.”

ಮಾನ್ಯರೇ, ಒಡಂಬಡಿಕೆಯ ಎರಡು ಕಡೆಯವರೂ ಪರಸ್ಪರ ಒಂದು ಗಿಡವನ್ನೂ ಕೇಳದೆ ಎಷ್ಟು ಚೆನ್ನಾಗಿ ಸಹಕರಿಸಿದ್ದೀರಿ ನೋಡಿ.

ನಾನು ಬೀರು ತೆಗೆದೆ. ತೆಗೆಯದೆ ಏನು ಮಾಡಲಿ? ಆ ಕಟ್ಟಿನಲ್ಲಿ ಅದೇ ಜಾತಿಯ ಜರಿಗಿಡ ಒಂಬತ್ತು ಇವೆ, ಒಂಬತ್ತು ಬೇರೆ ಬೇರೆ ಜಾಗಗಳವು. ಕಟ್ಟಿನ ಜೊತೆ ಅವರು ಕಳಿಸಿದ್ದ ಟಿಪ್ಪಣಿ ಪುಸ್ತಕದ ನಕಲಿನಲ್ಲಿ ಒಂಬತ್ತಕ್ಕೂ ವಿವರವಿದೆ: ಒಂದು ತೊರೆಯ ಕಲ್ಲಿನದು, ಒಂದು ಶಾಲೆಯ ಬಾವಿಯದು, ಒಂದು ಅವರ ಮನೆಯ ಗೋಡೆಯದು. ಒಂಬತ್ತನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದಕ್ಕಿಂತ ಒಂದು ಬೆಳ್ಳಗಿನ ಹಾಳೆ. ಅವಳು ಎಡದಿಂದ ಬಲಕ್ಕೆ ನೋಡಿದಳು, ಮತ್ತೆ ಬಲದಿಂದ ಎಡಕ್ಕೆ ನೋಡಿದಳು. ಯಾವುದನ್ನೂ ಮುಟ್ಟಲಿಲ್ಲ. “ಯಾವುದು ಅತ್ತೆ?” ಎಂದಳು. ಪೇಪರಿನ ಕಥೆ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ತಾವು ಹಿಂದಿನಿಂದ ಬಂದು ಅತಿಥಿಗಳಿಗೆ ಹೇಳಿದಿರಿ, “ನೋಡಿ, ಎಷ್ಟು ನೀಟಾಗಿ ಇಟ್ಟಿದೀವಿ.” ಛಾಯಾಗ್ರಾಹಕ ಕ್ಲಿಕ್ಕಿಸಿದ. ವಿಶ್ವವಿದ್ಯಾಲಯದ ವಾರ್ತಾಪತ್ರದ ಮುಖಪುಟದಲ್ಲಿ ಆ ಚಿತ್ರವಿದೆ. ಬಾಯಿ ತೆರೆದು ನಿಂತ ನಾನು, ತಲೆ ತಗ್ಗಿಸಿದ ಅವಳು, ನಡುವೆ ತಾವು. ಕೆಳಗೆ ಶೀರ್ಷಿಕೆ: ‘ಸಂತಸದ ಕ್ಷಣ’.

ಮರುದಿನದಿಂದ ಪೇಪರಿನ ಬೆನ್ನು ಹತ್ತಿದೆ. ತಮ್ಮ ಕಚೇರಿಯ ದಫ್ತರದ ಗುಮಾಸ್ತರು ನನಗೆ ಕ್ಯಾಂಟೀನಿನ ಹಳೆಯ ಪರಿಚಯ. ಅವರು ಸುತ್ತಮುತ್ತ ನೋಡಿ ಹೇಳಿದರು: “ಅದು ಭದ್ರತೆಯ ವಿಷಯವಾಗಿಬಿಟ್ಟಿದೆ ಮೇಡಂ. ಒಂದು ಪೇಪರಲ್ಲಿ ಹವಾಮಾನದ ನಕಾಶೆ ಇದೆಯಂತೆ. ಅದ್ರಲ್ಲಿ ಗಡಿ ಗೆರೆ ಅವರ ಕಡೆಯವರು ಎಳೆದ ಹಾಗಿದೆಯಂತೆ.” ಅವರ ದೇಶದ ಪತ್ರಿಕೆಯಲ್ಲಿ ಗಡಿ ಅವರು ಎಳೆದ ಹಾಗಿರದೆ ತಾವು ಎಳೆದ ಹಾಗಿರುತ್ತದೆಯೇ? ಆ ನಕಾಶೆ ಹೇಳಿದ್ದು ಮರುದಿನ ಮೋಡ ಕವಿದಿರುತ್ತದೆ ಎಂದಷ್ಟೇ. ಆ ಮೋಡ ಆಮೇಲೆ ಯಾರ ಅನುಮತಿ ಪಡೆದು ಈ ಕಡೆ ಬಂತೋ ತನಿಖೆಯಾಗಬೇಕು.

ತನಿಖೆಗೆ ತಾವು ಸಮಿತಿಯನ್ನೂ ಮಾಡಿದಿರಿ. ಲಿಪಿ ಬಲ್ಲವರೊಬ್ಬರನ್ನು ಹೊರಗಿನಿಂದ ಕರೆಸಿದಿರಿ. ಸಂಗ್ರಹಾಲಯದಲ್ಲಿ ಆ ಲಿಪಿ ಓದುವವಳೊಬ್ಬಳು ಇಪ್ಪತ್ತೇಳು ವರ್ಷದಿಂದ ಕೂತಿದ್ದಾಳೆ, ಅವಳನ್ನು ಕೇಳಲಿಲ್ಲ. ಅವಳೂ ಶಂಕಿತಳೇ ತಾನೆ. ಬಂದವರು ಒಂದೊಂದು ಪೇಪರನ್ನೂ ಗಟ್ಟಿಯಾಗಿ ಓದಿದರಂತೆ, ಸಮಿತಿಯ ಐವರು ಕೇಳಿದರಂತೆ. ಚಪ್ಪಲಿ ಅಂಗಡಿಯ ಜಾಹೀರಾತು. ಕಳೆದುಹೋದ ಎಮ್ಮೆ. ವರ ಬೇಕಾಗಿದ್ದಾನೆ, ಎತ್ತರದವನಾಗಿರಬೇಕು. ಗುಮಾಸ್ತರು ನಗು ತಡೆಯಲಾರದೆ ಹೇಳಿದರು: “ಮೂರನೇ ದಿನ ಸಮಿತಿಯ ಅಧ್ಯಕ್ಷರು ಒಂದು ಧಾರಾವಾಹಿ ಕಥೆ ಕೇಳಿ ಮುಂದಿನ ಭಾಗದ ಪೇಪರ್ ಹುಡುಕಿಸಿದ್ರು ಮೇಡಂ. ಸಿಗಲಿಲ್ಲ. ಪಾಪ, ಬೇಜಾರು ಮಾಡ್ಕೊಂಡ್ರು.” ಇಷ್ಟೆಲ್ಲ ಓದಿದ ಸಮಿತಿ ವರದಿಯಲ್ಲಿ ಬರೆದದ್ದೇನು? ‘ಮುದ್ರಿತ ಭಾಗದಲ್ಲಿ ಆಕ್ಷೇಪಾರ್ಹವಾದುದು ಕಂಡುಬಂದಿಲ್ಲ. ಆದರೆ ಪ್ರತಿಯೊಂದರ ಅಂಚಿನಲ್ಲೂ ಕೈಬರಹದ ಸಂಕೇತಗಳಿವೆ. ಈ ಸಂಕೇತಗಳ ಕುರಿತು ಕಡತದಲ್ಲಿ ಪೂರ್ವ ದೂರೊಂದು ಲಭ್ಯವಿರುವುದರಿಂದ, ಇವನ್ನು ನಾಶಪಡಿಸುವುದು ಸೂಕ್ತ.’

ಪೂರ್ವ ದೂರು! ಮಾನ್ಯರೇ, ಅದನ್ನು ಕೇಳಿದಾಗ ನನ್ನ ಅನುಮಾನಕ್ಕೆ ರೆಕ್ಕೆ ಬಂತು. ಯಾರೋ ನಮ್ಮ ಮೇಲೆ ಕತ್ತಿ ಮಸೆಯುತ್ತಿದ್ದಾರೆ ಎಂದುಕೊಂಡೆ. ನನ್ನ ಹುದ್ದೆಯ ಮೇಲೆ ಕಣ್ಣಿಟ್ಟವರೇ? ಸಂಗ್ರಹಾಲಯದ ಕೊಠಡಿ ಬೇಕಾದವರೇ? ತಾವೇ ಹಿಂದಿನ ತಾರೀಖು ಹಾಕಿ ದೂರು ಬರೆಸಿದ್ದೀರೇ? ಹೌದು, ಅದನ್ನೂ ಯೋಚಿಸಿದೆ, ಮುಚ್ಚಿಡುವುದಿಲ್ಲ. ಒಬ್ಬೊಬ್ಬರ ಮುಖವನ್ನೂ ಕಾರಿಡಾರಿನಲ್ಲಿ ಓರೆಗಣ್ಣಿನಿಂದ ಅಳೆದೆ. ಮಾಹಿತಿಗಾಗಿ ಅರ್ಜಿ ಹಾಕಿದೆ. ಗುಮಾಸ್ತರು ಕಡತ ತಂದು ನನ್ನ ಮುಂದಿಟ್ಟು, ಯಾಕೋ ಕನ್ನಡಕ ಒರೆಸುತ್ತಾ ಕಿಟಕಿಯತ್ತ ತಿರುಗಿ ನಿಂತರು.

ಮೊದಲ ಪುಟ. ಗೆರೆ ಹಾಕಿದ ಹಾಳೆ, ಮಾಸಿದ ನೀಲಿ ಶಾಯಿ. ‘ನೆರೆದೇಶದಿಂದ ಬಂದ ಕಟ್ಟಿನ ಪ್ರತಿ ಪತ್ರಿಕೆಯ ಅಂಚಿನಲ್ಲೂ ಪೆನ್ಸಿಲಿನಿಂದ ಬರೆದ ರಹಸ್ಯ ಸಂಕೇತಗಳಿರುವುದನ್ನು ಗಮನಿಸಿರುತ್ತೇನೆ. ಇದು ದೇಶದ ಹಿತಕ್ಕೆ ಮಾರಕವಾಗಿರಬಹುದೆಂದು ನನಗೆ ಬಲವಾದ ಅನುಮಾನವಿರುತ್ತದೆ.’ ಅಕ್ಷರ ದುಂಡಗಿತ್ತು, ಅನುಸ್ವಾರದ ಸೊನ್ನೆಗಳು ಅಕ್ಷರಕ್ಕಿಂತ ದೊಡ್ಡದಾಗಿದ್ದವು. ನಾನು ಈಗಲೂ ಹಾಗೆಯೇ ಬರೆಯುತ್ತೇನೆ. ಕೆಳಗಿನ ಸಹಿ ನನ್ನದು. ತಾರೀಖು ಇಪ್ಪತ್ತೇಳು ವರ್ಷದ ಹಿಂದಿನದು.

ಆಗ ನನಗೆ ಇಪ್ಪತ್ತನಾಲ್ಕು. ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತು. ಮೊದಲ ಕಟ್ಟು ಬಿಚ್ಚಿದವಳು ನಾನೇ. ಅವರ ಲಿಪಿಯ ಅಂಕಿಗಳು ನನಗೆ ಗೊತ್ತಿರಲಿಲ್ಲ. ಮೊಂಡು ಪೆನ್ಸಿಲಿನ ದಪ್ಪ ಸೊಟ್ಟ ಗೀಟುಗಳು, ಪ್ರತಿ ಪೇಪರಿನಲ್ಲೂ, ಒಂದೇ ಮೂಲೆಯಲ್ಲಿ. ಮೇಷ್ಟ್ರನ್ನು ಕೇಳಬಹುದಿತ್ತು. ಅವರೂ ಶಾಮೀಲಾಗಿದ್ದರೆ ಎಂದು ಅನುಮಾನಪಟ್ಟು ಕೇಳಲಿಲ್ಲ. ಊಟದ ಬಿಡುವಿನಲ್ಲಿ ಹೋಗಿ ಭದ್ರತಾ ಶಾಖೆಗೆ ಕೊಟ್ಟು ಬಂದೆ. ಹೆಮ್ಮೆಯಿಂದ ಎದೆ ಉಬ್ಬಿತ್ತು. ಎರಡು ವಾರದ ಮೇಲೆ ಮೇಷ್ಟ್ರು ಪಕ್ಕದಲ್ಲಿ ಕೂರಿಸಿಕೊಂಡು ಆ ಗೀಟುಗಳನ್ನು ಒಂದೊಂದಾಗಿ ಓದಿಸಿದರು. “ಇದು ಒಂದು, ಇದು ಎಂಟು ಕಣಮ್ಮ. ಇಷ್ಟೇ ಇದರ ಗುಟ್ಟು. ಈ ಪೇಪರನ್ನ ಮಾತ್ರ ಜೋಪಾನ ಮಾಡು. ಇದು ಹೋದ್ರೆ ಗಿಡ ಅನಾಥ.” ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅಂದೇ ಹೋಗಿ ದೂರನ್ನು ವಾಪಸು ಪಡೆಯಬೇಕಿತ್ತು. ಹೋದರೆ ವಿಷಯ ಮೇಷ್ಟ್ರಿಗೆ ಗೊತ್ತಾಗುತ್ತದೆಂದು ಹೆದರಿದೆ. ಶಾಖೆಯಿಂದ ಉತ್ತರ ಬರಲಿಲ್ಲ, ಕಸದ ಬುಟ್ಟಿಗೆ ಹೋಗಿರಬೇಕೆಂದು ನೆಮ್ಮದಿಪಟ್ಟುಕೊಂಡೆ. ಆ ಶಾಖೆಯ ಕಡತಗಳೆಲ್ಲ ಮುಂದೆ ತಮ್ಮಲ್ಲಿಗೆ ಬರುತ್ತವೆ, ತಮ್ಮ ಕಚೇರಿ ಏನನ್ನೂ ಎಸೆಯುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ಬೇಕಾದ್ದನ್ನು ಮಾತ್ರ ಎಸೆಯುತ್ತದೆ.

ಆಮೇಲೆ ತೀರಿಕೊಳ್ಳುವವರೆಗೂ ಮೊಂಡು ಪೆನ್ಸಿಲಿನವರು ನನ್ನನ್ನು ತಂಗೀ ಎಂದರು. ನಾನು ಮಗನ ಬಾಣಂತನಕ್ಕೆ ರಜೆ ಹೋದಾಗ ಕಟ್ಟು ಕಳಿಸುವುದನ್ನು ತಡೆಹಿಡಿದು, ‘ನೀನು ಬರೋವರೆಗೆ ಕಾಯ್ತೀನಿ, ಬೇರೆಯವರು ಪೇಪರ್ ಎಸೆದುಬಿಡ್ತಾರೆ’ ಎಂದು ಬರೆದರು. ಆ ಚೀಟಿ ಓದಿದ ದಿನ ನಾನು ಬಚ್ಚಲಲ್ಲಿ ನಿಂತು ಅತ್ತಿದ್ದೆ. ಯಾಕೆಂದು ಮನೆಯವರಿಗೂ ಹೇಳಿರಲಿಲ್ಲ. ಮೊನ್ನೆ ಹೇಳಿದೆ. ಅವರು ಈ ಸಲ ತಮಾಷೆ ಮಾಡಲಿಲ್ಲ. “ಹಾಗಾದ್ರೆ ಬರೆದವಳೇ ಅಳಿಸಬೇಕು. ಬರಿ,” ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಮಾನ್ಯರೇ, ಆ ಕಡತದ ಮೊದಲ ಪುಟದ ದೂರನ್ನು ನಾನು ಹಿಂಪಡೆಯುತ್ತಿದ್ದೇನೆ. ಅದು ಸುಳ್ಳು. ಬೇಕೆಂದು ಹೇಳಿದ ಸುಳ್ಳಲ್ಲ, ಕೇಳದೆ ಹೇಳಿದ ಸುಳ್ಳು. ಅಂಚಿನಲ್ಲಿರುವುದು ಒಂದರಿಂದ ನೂರ ಅರವತ್ತಮೂರರವರೆಗಿನ ಅಂಕಿಗಳು, ಮಗುವೂ ಎಣಿಸಬಹುದಾದವು. ತಮ್ಮ ಆದೇಶಕ್ಕಿದ್ದ ಒಂದೇ ಆಧಾರ ಈಗ ಇಲ್ಲ. ಸುಳ್ಳು ದೂರಿಗೆ ಶಿಕ್ಷೆಯೇನೋ ಅದನ್ನು ನನಗೆ ಕೊಡಿ. ನಿವೃತ್ತಿಯ ಮೊದಲೇ ಮನೆಗೆ ಕಳಿಸುವುದಾದರೂ ಸರಿ. ಪೇಪರುಗಳನ್ನು ಮಾತ್ರ ಶನಿವಾರದೊಳಗೆ ಹದಿನಾಲ್ಕನೇ ಬೀರುವಿಗೆ ಕಳಿಸಿ.

ಬರಿಯ ಪೇಪರಿನಿಂದ ಈಗೇನು ಪ್ರಯೋಜನ, ಗಿಡಗಳು ಬೇರೆಯಾಗಿಬಿಟ್ಟಿವೆಯಲ್ಲ ಎನ್ನಬೇಡಿ. ಒಣಗುವ ಗಿಡ ತನ್ನ ರಸವನ್ನು ಪೇಪರಿಗೆ ಬಿಟ್ಟಿರುತ್ತದೆ. ಒಂದೂವರೆ ವರ್ಷ ಒತ್ತಿಟ್ಟ ಪೇಪರಿನ ಮೇಲೆ ಗಿಡದ ಆಕಾರದ್ದೇ ಕಂದು ಕಲೆಯಿರುತ್ತದೆ, ಬಾಗಿದ ಕಡ್ಡಿ, ಮಡಿಸಿದ ತುದಿ, ಹುಳ ತಿಂದ ಅಂಚು ಸಮೇತ. ತಮ್ಮ ಸಮಿತಿ ಅಕ್ಷರಗಳನ್ನೆಲ್ಲ ಓದಿತು, ಆ ಕಲೆಯನ್ನು ಓದಲಿಲ್ಲ. ಒಂದೊಂದು ಗಿಡವನ್ನೂ ಅದರದೇ ಕಲೆಯ ಮೇಲಿಟ್ಟು ಕೂರಿಸಬಹುದು. ಒಂಬತ್ತು ಜರಿಗಿಡಗಳಲ್ಲಿ ಒಂದು ಮಾತ್ರ ನೂರ ಹದಿನೆಂಟರ ಕಲೆಗೆ ಸರಿಹೊಂದುತ್ತದೆ. ಅದನ್ನು ಹುಡುಕಲು ನನಗೊಂದು ಮೇಜು, ಒಂದು ದೀಪ, ಎದುರಿಗೆ ಇನ್ನೊಂದು ಕುರ್ಚಿ ಬೇಕು. ಆ ಕುರ್ಚಿಗೆ ಆ ಮಗಳನ್ನು ಕರೆಸಿ. ತಮ್ಮ ಒಡಂಬಡಿಕೆಯ ಒಂಬತ್ತನೇ ಕಲಮು, ‘ಉಭಯ ಸಂಸ್ಥೆಗಳ ಸಿಬ್ಬಂದಿ ಒಂದೇ ಮೇಜಿನಲ್ಲಿ ಕುಳಿತು ಕೆಲಸ ಮಾಡುವುದನ್ನು ಉತ್ತೇಜಿಸತಕ್ಕದ್ದು’ ಎನ್ನುತ್ತದೆ. ಅದು ಇಪ್ಪತ್ತೆರಡನೇ ಪುಟದಲ್ಲಿದೆ. ತಾವೂ ಒಮ್ಮೆ ಓದಿ ನೋಡಿ.

ಈ ಪತ್ರವನ್ನು ಬಹಿರಂಗಪಡಿಸಲು ಇನ್ನೊಂದು ಕಾರಣವಿದೆ, ಅದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅವಳಿಗೆ ನಮ್ಮ ಲಿಪಿ ಬರುತ್ತದೆ, ಅಪ್ಪ ಕಲಿಸಿದ್ದಾರೆ. ನನ್ನ ಚೀಟಿಗಳನ್ನು ನೋಡಿ ನೋಡಿಯೇ ಕಲಿತಳಂತೆ, ನನ್ನ ದಪ್ಪ ಸೊನ್ನೆಗಳನ್ನು ಅವಳು ಎಲ್ಲಿ ಕಂಡರೂ ಗುರುತಿಸುತ್ತಾಳೆ. ಪೇಪರು ಸಿಕ್ಕಮೇಲೆ ಎಲ್ಲ ಹೇಳಿದರಾಯಿತು ಎಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಇಪ್ಪತ್ತೇಳು ವರ್ಷ ಹೋಯಿತು. ಈಗ ತಮ್ಮ ಜೊತೆಗೇ ಅವಳೂ ಓದುತ್ತಾಳೆ. ಓದಿದ ಮೇಲೂ ಅವಳು ಆ ಕುರ್ಚಿಯಲ್ಲಿ ಬಂದು ಕೂರುತ್ತಾಳೋ ಇಲ್ಲವೋ, ಅತ್ತೆ ಎನ್ನುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಮೊದಲು ಪೇಪರು ಬರಬೇಕು. ಶನಿವಾರ ಬೆಳಿಗ್ಗೆ ಯಂತ್ರದ ಕೋಣೆಯ ಬಾಗಿಲಲ್ಲಿ ನಾನು ನಿಂತಿರುತ್ತೇನೆ.

ಇಂತಿ,
ತಮ್ಮ ಕಡತದ ಮೊದಲ ಪುಟಕ್ಕೆ ಸಹಿ ಹಾಕಿದವಳು,
ಸತ್ತವರಿಗೆ ತಂಗಿ, ಅವರ ಮಗಳಿಗೆ ಸದ್ಯಕ್ಕೆ ಅತ್ತೆ